ಆಹಾರ ಪರೀಕ್ಷೆ ಕಿಟ್ ಕಂಪನಿಗೆ ಹಣ ಹಾಕುವ ಮುನ್ನ

ಊಟದಲ್ಲಿರುವ ರೋಗಾಣುವನ್ನು ಒಂದೇ ಗಂಟೆಯಲ್ಲಿ ಪತ್ತೆಹಚ್ಚುವ ಕಿಟ್ ತಯಾರಿಸುವ ಸಣ್ಣ ಕಂಪನಿ ಎಂದರೆ ಬೆಂಗಳೂರಿನ ಸುಂಕದಕಟ್ಟೆಯ ವರ್ಕ್‌ಶಾಪ್ ಮಾಲೀಕರಿಗೂ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಆಧಾರವೂ ಇದೆ. ಮಾಗಡಿ ರಸ್ತೆ ಹಿಡಿದು ಹೋದರೆ ಸಿಗುವ ರಾಜಾಜಿನಗರದಲ್ಲೇ ಪ್ರಯೋಗಾಲಯ ಇಟ್ಟುಕೊಂಡು ಬೆಳೆದ ಬಿಗ್‌ಟೆಕ್ ಎಂಬ ಕಂಪನಿ, ಆಹಾರದ್ದಲ್ಲದಿದ್ದರೂ ಕ್ಷಯರೋಗ ಪತ್ತೆಹಚ್ಚುವ 'ಟ್ರೂನ್ಯಾಟ್' ಯಂತ್ರವನ್ನು ರೂಪಿಸಿತು. ಕಂಪನಿ ಶುರುವಾದದ್ದು 2000ರಲ್ಲಿ, ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು 2020ರಲ್ಲಿ. ಯಂತ್ರವನ್ನು ಮಾರುವ ಮೋಲ್ಬಿಯೋಗೆ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಹಣ ಹಾಕಿದ್ದು 2022ರಲ್ಲಿ. ಇಷ್ಟು ಕಾಲ ಕಾಯಲು ನಿಮ್ಮ ಹಣಕ್ಕೆ ಸಾಧ್ಯವೇ ಎಂಬುದನ್ನು ಮನೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಿ.

ಆಮೇಲೆ ಆ 'ಒಂದು ಗಂಟೆ'ಯ ಲೆಕ್ಕ ಕೇಳಿ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಪರೀಕ್ಷೆಗೆ ಸಾಮಾನ್ಯವಾಗಿ 25 ಗ್ರಾಂ ಆಹಾರವನ್ನು 225 ಮಿಲಿಲೀಟರ್ ಪೋಷಕ ದ್ರಾವಣಕ್ಕೆ ಹಾಕಿ, ಸುಮಾರು 18 ಗಂಟೆ ಬೆಚ್ಚಗೆ ಇಡುತ್ತಾರೆ. ಬಿಸಿಗೋ ತಣ್ಣನೆಗೋ ಸಿಕ್ಕಿ ಸೊರಗಿದ ಒಂದೆರಡು ಬ್ಯಾಕ್ಟೀರಿಯಾ ಚೇತರಿಸಿಕೊಂಡು ಲಕ್ಷಗಟ್ಟಲೆ ಆದರೆ ಮಾತ್ರ ಅವು ಪರೀಕ್ಷೆಯಲ್ಲಿ ಕಾಣಿಸುತ್ತವೆ. ಹಳೆಯ ಕ್ರಮದಲ್ಲಿ ಅಲ್ಲಿಂದ ಮತ್ತೆ ಬೇರೆ ದ್ರಾವಣ, ತಟ್ಟೆ, ಖಚಿತ ಪರೀಕ್ಷೆ ಎಂದು ನಾಲ್ಕೈದು ದಿನ ಹಿಡಿಯುತ್ತದೆ. ರೋಗಾಣುವಿನ ಡಿಎನ್‌ಎ ನಕಲಿಸಿ ಪತ್ತೆಹಚ್ಚುವ ಪಿಸಿಆರ್ ಕಿಟ್ ಉಳಿಸುವುದು ಈ ಕೊನೆಯ ದಿನಗಳನ್ನು. ಬೆಳೆಸುವ ಹಂತ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಹಾಗಾಗಿ ಸ್ಯಾಂಪಲ್ ತೆಗೆದ ಹೊತ್ತಿನಿಂದ ವರದಿ ಕೈಗೆ ಬರುವವರೆಗೆ ಎಷ್ಟು ಗಂಟೆ ಎಂದು ನೇರವಾಗಿ ಕೇಳಿ. ಒಂದು ದಿನ ಎಂದರೂ ಅದು ದೊಡ್ಡ ಸಾಧನೆಯೇ. ಹಾಲು, ಕೋಳಿಮಾಂಸದಂಥ ಬೇಗ ಕೆಡುವ ಸರಕನ್ನು ವರದಿಗಾಗಿ ದಿನಗಟ್ಟಲೆ ತಡೆದಿಡುವುದು ಎಷ್ಟು ನಷ್ಟವೆಂದು ವ್ಯಾಪಾರಿಗೆ ಗೊತ್ತು.

ಆಹಾರದಲ್ಲಿ ಸತ್ತು ಬಿದ್ದಿರುವ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಕಿಟ್ ತಪ್ಪಾಗಿ 'ಪಾಸಿಟಿವ್' ಎನ್ನುತ್ತದೆಯೇ ಎಂಬುದನ್ನೂ ವಿಚಾರಿಸಿ.

ಮುಂದೆ ಮಾನ್ಯತೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅನುಮೋದನೆ, ಎಒಎಸಿ ಅಥವಾ ಐಎಸ್‌ಒ 16140 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರದ ಪರಿಶೀಲನೆ ಆಗಿದೆಯೇ, ಆಗಿದ್ದರೆ ಯಾವ ಆಹಾರಕ್ಕೆ ಎಂದು ನೋಡಿ. ಹಾಲಿಗೆ ಒಪ್ಪಿಗೆಯಾದ ಕಿಟ್ ಮಸಾಲೆಪುಡಿಗೆ ಒಪ್ಪುತ್ತದೆ ಎಂದೇನಿಲ್ಲ. ಇನ್ನು ಆದಾಯ: ಪರೀಕ್ಷೆಯ ಯಂತ್ರ ಒಮ್ಮೆ ಮಾರಾಟವಾಗುತ್ತದೆ, ಆದಾಯ ನಿಂತಿರುವುದು ಮತ್ತೆ ಮತ್ತೆ ಕೊಳ್ಳುವ ಕಿಟ್ ಮೇಲೆ. ಗಿರಾಕಿಗಳು ಎರಡನೇ ವರ್ಷವೂ ಕೊಂಡಿದ್ದಾರೆಯೇ ಎಂದು ಕೇಳಿ.

ಕಾಗದಪತ್ರಕ್ಕೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣವಿದೆ. ಸಣ್ಣ ಶುಲ್ಕ ಕಟ್ಟಿದರೆ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡಬಹುದು. ಬ್ಯಾಂಕಿನಲ್ಲಿ 3 ಕೋಟಿ ಇದ್ದು ತಿಂಗಳಿಗೆ 25 ಲಕ್ಷ ಕರಗುತ್ತಿದ್ದರೆ ಉಳಿದಿರುವುದು ಒಂದು ವರ್ಷ. ಆಮೇಲೆ ಹೊಸ ಷೇರು ಹೊರಬರುತ್ತದೆ, ನಿಮ್ಮ ಪಾಲು ತೆಳುವಾಗುತ್ತದೆ.

ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯಾದರೆ ಇನ್ನೂ ಎಚ್ಚರ ಬೇಕು. ಖಾಸಗಿಯಾಗಿ ಷೇರು ನೀಡುವಾಗ ವರ್ಷಕ್ಕೆ ಸಾಮಾನ್ಯ ಹೂಡಿಕೆದಾರರಲ್ಲಿ 200 ಜನರಿಗಷ್ಟೇ ಆಹ್ವಾನ ಕೊಡಬಹುದು. ಅದಕ್ಕೆ ಜಾಹೀರಾತು ಹಾಕುವಂತಿಲ್ಲ, ಹಣ ಬ್ಯಾಂಕ್ ಮೂಲಕವೇ ಹೋಗಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಆಹ್ವಾನ ಕೊಟ್ಟು ನಗದು ಕೇಳಿದರೆ ಅಲ್ಲಿಂದಲೇ ಹಿಂತಿರುಗಿ. ನಿಮ್ಮ ಹೆಸರಿಗೇ ಬರೆದ ಆಹ್ವಾನ ಪತ್ರ ಬಂದರೆ, ಸಹಿ ಹಾಕುವ ಮೊದಲು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ. ಷೇರು ಮಾರಬೇಕೆಂದಾಗ ಯಾರಿಗೆ, ಯಾವ ಷರತ್ತಿನ ಮೇಲೆ ಮಾರಬಹುದು ಎಂಬ ಸಾಲನ್ನು ಅವರಿಂದ ಓದಿಸಿಕೊಳ್ಳಿ.