ಕವಡೆಯ ಬಳಗ

ಸಮುದ್ರವನ್ನು ಕಾಣದ ಊರುಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಾರನಹಳ್ಳಿಯೂ ಒಂದು. ನೀರೆಂದರೆ ನಮಗೆ ಮಳೆಯ ನೀರು, ಕೆರೆಯ ನೀರು. ತುಸು ದೂರ ಹೋದರೆ ಕಾವೇರಿಯ ನೀರು. ಆದರೂ ಕಡಲಿನಲ್ಲಿ ಹುಟ್ಟಿದ ಒಂದು ವಸ್ತು ನಮ್ಮ ಕಡೆಯ ಹಲವು ಮನೆಗಳಲ್ಲಿ ಇದ್ದೇ ಇರುತ್ತದೆ. ಚೌಕಾಬಾರದ ಮನೆಗಳನ್ನು ಬರೆದುಕೊಂಡು ಕುಳಿತವರ ಅಂಗೈಯಲ್ಲಿ ಅದು ಕುಲುಕುತ್ತದೆ. ಮೈಲಾರಲಿಂಗನ ಗೊರವಯ್ಯನ ಎದೆಯ ಮೇಲೆ ಅದು ಪಟ್ಟಿಯಾಗಿ ಶೋಭಿಸುತ್ತದೆ. ಹಬ್ಬದ ದಿನ ಎತ್ತಿನ ಕೊರಳಲ್ಲಿ ಗೆಜ್ಜೆಯೊಡನೆ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಉಪಕಾರ ಪಡೆದ ನಾವು, ಯಾವುದಾದರೊಂದು ವಸ್ತುವನ್ನು ಹೀಗಳೆಯಬೇಕಾದಾಗ ಮಾತ್ರ “ಕವಡೆ ಕಾಸಿನ ಬೆಲೆಯಿಲ್ಲ” ಎಂದುಬಿಡುತ್ತೇವೆ!

ನಮ್ಮ ಅಜ್ಜಿಯ ಬಳಿ ಒಂದು ಹಿತ್ತಾಳೆಯ ಡಬ್ಬಿಯಲ್ಲಿ ನಾಲ್ಕು ಕವಡೆಗಳಿದ್ದುವು. ಶಿವರಾತ್ರಿಯ ಜಾಗರಣೆಯಂದು ಆ ಡಬ್ಬಿ ಹೊರಗೆ ಬರುತ್ತಿತ್ತು. ನಾಲ್ಕನ್ನೂ ಕುಲುಕಿ ಚೆಲ್ಲಿದರೆ ಬಾಯಿ ಮೇಲಾಗಿ ಬಿದ್ದುವೆಷ್ಟೋ ಅಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಅಜ್ಜಿ, “ಇದೊಂದು ಬ್ಯಾರೆ ಕಣ್ ಮಗ, ಇದು ಬೀಳೋ ವರಸೇನೇ ಬ್ಯಾರೆ” ಎನ್ನುತ್ತಿದ್ದರು. ಸೋತಾಗ ಹೇಳುವ ನೆಪವೆಂದು ನಾವು ಮೊಮ್ಮಕ್ಕಳು ನಗುತ್ತಿದ್ದೆವು.

ಕಾಲೇಜು ಸೇರಿದ ಮೇಲೆ ಒಂದು ರಜೆಯಲ್ಲಿ, ಚಿತ್ರಗಳುಳ್ಳ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಆ ನಾಲ್ಕನ್ನೂ ಹೋಲಿಸಿ ನೋಡಿದೆ. ಮೂರು ಕವಡೆಗಳು ಹಳದಿಯ ಛಾಯೆಯವು, ಅಂಚಿನಲ್ಲಿ ಗುಬುಟು ಗುಬುಟಾಗಿ ಅಗಲವಾದವು. ನಾಲ್ಕನೆಯದು ಗುಬುಟುಗಳಿಲ್ಲದೆ ನುಣುಪಾಗಿತ್ತು. ಅದರ ಬೆನ್ನಿನ ಮೇಲೆ ಹೊನ್ನಿನ ಬಣ್ಣದ ಉಂಗುರವೊಂದು ಮಾಸಲಾಗಿ ಕಾಣುತ್ತಿತ್ತು. ಮೊದಲಿನ ಮೂರಕ್ಕೆ ಶಾಸ್ತ್ರದ ಹೆಸರು ಮೊನೆಟೇರಿಯ ಮೊನೆಟ, ಎಂದರೆ ಹಣದ ಕವಡೆ. ನಾಲ್ಕನೆಯದು ಮೊನೆಟೇರಿಯ ಆನ್ಯುಲಸ್, ಎಂದರೆ ಉಂಗುರದ ಕವಡೆ. ಅಜ್ಜಿಯ ಕೈ ತಪ್ಪಿರಲಿಲ್ಲ! ನಾನು ಈ ಸಂಗತಿಯನ್ನು ದೊಡ್ಡ ವಿದ್ವಾಂಸನಂತೆ ವಿವರಿಸುತ್ತ, ಇವು ಒಂದು ಬಗೆಯ ಕಡಲ ಬಸವನಹುಳುಗಳು ಎಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಇದಕ್ಕೆ ಜೀವ ಇತ್ತಾ?” ಎಂದು ಕೇಳಿದರು. ಅರುವತ್ತು ವರ್ಷ ಅವುಗಳನ್ನು ಕೈಯಲ್ಲಿ ಆಡಿಸಿದವರ ಪ್ರಶ್ನೆ ಅದು. ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಹೇಳಲು ಯತ್ನಿಸಿದ್ದೇನೆ.

ಜೀವವಿತ್ತು. ನಾವು ಕವಡೆ ಎನ್ನುವುದು ಆ ಜೀವಿಯು ಕಟ್ಟಿಕೊಂಡ ಮನೆ ಮಾತ್ರ. ಪ್ರಾಣಿಶಾಸ್ತ್ರಜ್ಞರು ಈ ಜೀವಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸುತ್ತಾರೆ. ಮೂಳೆಯಿಲ್ಲದ ಮೆತ್ತನೆಯ ಮೈಯುಳ್ಳದ್ದರಿಂದ ಇದು ಮೃದ್ವಂಗಿಗಳ ವಂಶಕ್ಕೆ ಸೇರಿದೆ. ಹೊಟ್ಟೆಯ ಕೆಳಗಿನ ಮಾಂಸಲವಾದ ಅಡಿಯಿಂದ ತೆವಳುವುದರಿಂದ ಉದರಪಾದಿಗಳ ವರ್ಗಕ್ಕೆ ಸೇರಿದೆ. ಆ ವರ್ಗದೊಳಗೆ ಇದರ ಕುಟುಂಬಕ್ಕೆ ಸಿಪ್ರಿಯಿಡೀ ಎಂದು ಹೆಸರು. ಈ ಹೆಸರಿನಿಂದ ಕುಟುಂಬವನ್ನು 1815ರಲ್ಲಿ ಪ್ರತ್ಯೇಕಿಸಿದವನು ರಫಿನೆಸ್ಕ್ ಎಂಬ ವಿದ್ವಾಂಸ. ಈ ಕುಟುಂಬದಲ್ಲಿ ಇಂದು ಬದುಕಿರುವ ಪ್ರಭೇದಗಳು ಸುಮಾರು ಇನ್ನೂರೈವತ್ತು. ನಮ್ಮ ಚೌಕಾಬಾರದ ಕವಡೆ ಒಂದು ಅಂಗುಲದಷ್ಟಿದ್ದರೆ, ಹುಲಿ ಕವಡೆಯೆಂಬುದು ಅಂಗೈ ತುಂಬುವಷ್ಟು ದೊಡ್ಡದು. ಅದರ ಮೈಮೇಲೆ ಇರುವುದು ಹುಲಿಯ ಪಟ್ಟೆಗಳಲ್ಲ, ಚಿರತೆಯ ಚುಕ್ಕೆಗಳು. ಹೆಸರಿಟ್ಟವರು ಅಷ್ಟನ್ನು ಗಮನಿಸಲಿಲ್ಲ!

ಬಸವನಹುಳುವಿನ ಚಿಪ್ಪಿನಲ್ಲಿ ಸುರುಳಿ ಕಾಣುತ್ತದೆ. ಕವಡೆಯಲ್ಲಿ ಏಕೆ ಕಾಣುವುದಿಲ್ಲ ಎಂದು ವಾಚಕರು ಕೇಳಬಹುದು. ಎಳೆಯ ಕವಡೆಗೆ ಸುರುಳಿ ಇರುತ್ತದೆ. ಆಗ ಅದರ ಚಿಪ್ಪು ತೆಳುವಾಗಿ, ಬಾಯಿ ಅಗಲವಾಗಿ, ಬೇರೆ ಬಸವನಹುಳುಗಳಂತೆಯೇ ತೋರುತ್ತದೆ. ಪ್ರಾಯಕ್ಕೆ ಬಂದಾಗ ಚಿಪ್ಪಿನ ಹೊರತುಟಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಬಾಯಿಯು ಕಿರಿದಾದ ಸೀಳಾಗುತ್ತದೆ. ಸೀಳಿನ ಎರಡು ಅಂಚಿನಲ್ಲಿಯೂ ಹಲ್ಲಿನಂತಹ ಗೀರುಗಳು ಮೂಡುತ್ತವೆ. ಕಡೆಯ ಸುತ್ತು ಹಿಂದಿನ ಸುತ್ತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅನಂತರ ಅದು ಉದ್ದ ಬೆಳೆಯುವುದಿಲ್ಲ, ದಪ್ಪವಾಗುತ್ತದೆ.

ಕವಡೆಯ ಹೊಳಪಿನ ಗುಟ್ಟೂ ಅದರ ಜೀವದಲ್ಲಿಯೇ ಇದೆ. ಜೀವಂತ ಕವಡೆಯು ತನ್ನ ಮೈಯ ಮೆತ್ತನೆಯ ಹೊದಿಕೆಯನ್ನು ಎರಡು ಸೆರಗುಗಳಾಗಿ ಹೊರಕ್ಕೆ ಚಾಚಿ, ಚಿಪ್ಪನ್ನು ಎರಡೂ ಕಡೆಯಿಂದ ಹೊದ್ದುಕೊಳ್ಳುತ್ತದೆ. ಆ ಹೊದಿಕೆಯೇ ಚಿಪ್ಪಿನ ಮೇಲೆ ಪದರ ಪದರವಾಗಿ ನಯವಾದ ಲೇಪವನ್ನು ಬಳಿಯುತ್ತದೆ. ಇತರ ಚಿಪ್ಪುಗಳು ಪಾಚಿ ಹಿಡಿದು ಸವೆಯುವಾಗ ಕವಡೆಯು ಹೊಳೆಯುವುದು ಈ ಕಾರಣದಿಂದ. ತಾಯಿ ಕವಡೆಯು ಮೊಟ್ಟೆಗಳನ್ನಿಟ್ಟ ಮೇಲೆ ಅವುಗಳ ಮೇಲೆ ಕುಳಿತು ಕಾಯುವುದೂ ಉಂಟು. ಈ ಸಂಗತಿಯನ್ನು ಕೇಳಿದಾಗ ನಮ್ಮ ಅಜ್ಜಿ ಡಬ್ಬಿಯ ಮುಚ್ಚಳವನ್ನು ಮೆಲ್ಲನೆ ಹಾಕಿದರು.

ಇನ್ನು ಬಳಗದ ವಿಚಾರ. ಹೋಲಿಕೆಯನ್ನು ಕಂಡು ನೆಂಟಸ್ತನವನ್ನು ಊಹಿಸುವುದು ಎಷ್ಟು ಅಪಾಯವೆಂಬುದಕ್ಕೆ ಕವಡೆಯ ವರ್ಗೀಕರಣದ ಕಥೆಯೇ ಸಾಕ್ಷಿ. ಸ್ವೀಡನ್ ದೇಶದ ಲಿನೇಯಸ್ ಎಂಬ ಮಹಾಪಂಡಿತನು 1758ರಲ್ಲಿ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಕವಡೆಗಳಿಗೆಲ್ಲ ಸಿಪ್ರಿಯ ಎಂಬ ಒಂದೇ ಜಾತಿಯನ್ನು ಕಲ್ಪಿಸಿದನು. ಆತನ ಮುಂದಿದ್ದದ್ದು ಚಿಪ್ಪುಗಳು. ಬೆನ್ನಿನ ಮೇಲೆಲ್ಲ ಅಡ್ಡಗೀರುಗಳಿರುವ ಒಂದು ಪುಟ್ಟ ಚಿಪ್ಪು ಅಚ್ಚಾಗಿ ಕವಡೆಯ ರೂಪದಲ್ಲಿದ್ದುದರಿಂದ ಅದನ್ನೂ ಸಿಪ್ರಿಯ ಜಾತಿಗೆ ಸೇರಿಸಿದನು. ಮೊಟ್ಟೆಯಂತೆ ಬೆಳ್ಳಗಿದ್ದು, ಬಾಯಿಯ ಒಂದೇ ಅಂಚಿನಲ್ಲಿ ಹಲ್ಲುಗಳಿದ್ದ ಇನ್ನೊಂದನ್ನು ಕವಡೆಯಲ್ಲವೆಂದು ಹೊರಗಿಟ್ಟು, ಬುಲ್ಲ ಎಂಬ ಬೇರೊಂದು ಜಾತಿಯಲ್ಲಿ ಹಾಕಿದನು.

ಮುಂದಿನ ವಿದ್ವಾಂಸರು ಚಿಪ್ಪನ್ನು ಬಿಟ್ಟು ಒಳಗಿನ ಜೀವಿಯನ್ನು ಪರೀಕ್ಷಿಸಿದರು. ಮೇವನ್ನು ಕೆರೆದು ತಿನ್ನಲು ಬಸವನಹುಳುವಿನ ಬಾಯೊಳಗೆ ಅರದಂತಹ ಒಂದು ಹಲ್ಲಿನ ಪಟ್ಟಿ ಇರುತ್ತದೆ, ಅದನ್ನು ನೋಡಿದರು. ಮೊಟ್ಟೆಯೊಡೆದು ಬಂದ ಮರಿಯ ರೂಪವನ್ನು ನೋಡಿದರು. ಆಗ ತಿಳಿದುಬಂದದ್ದೇನು? ಲಿನೇಯಸನು ಹೊರಗಿಟ್ಟ ಬಿಳಿಯ ಮೊಟ್ಟೆ ಕವಡೆಯೇ ಕವಡೆಯ ಹತ್ತಿರದ ನೆಂಟ! ಅದರ ಕುಟುಂಬಕ್ಕೆ ಓವ್ಯುಲಿಡೀ ಎಂದು ಹೆಸರು. ಈ ಕುಟುಂಬದವು ಮೆತ್ತನೆಯ ಹವಳಗಳ ಮೇಲೆ ವಾಸಿಸಿ, ಅವನ್ನೇ ತಿಂದು ಬದುಕುತ್ತವೆ. ಹಾಲಿನಂತೆ ಬೆಳ್ಳಗಿರುವ ಮೊಟ್ಟೆ ಕವಡೆಯ ಮೈಹೊದಿಕೆ ಮಾತ್ರ ಕಪ್ಪು. ಇತ್ತ, ಲಿನೇಯಸನು ಒಳಗೆ ಸೇರಿಸಿಕೊಂಡ ಗೀರು ಕವಡೆಯ ಮರಿಯು ಒಂದರೊಳಗೊಂದಾಗಿ ಎರಡು ಚಿಪ್ಪುಗಳನ್ನು ತೊಟ್ಟು ಈಜುತ್ತದೆ; ನಿಜವಾದ ಕವಡೆಯ ಮರಿಗೆ ಹಾಗಿಲ್ಲ. ಆದುದರಿಂದ ಅದನ್ನು ಟ್ರಿವಿಯಿಡೀ ಎಂಬ ಬೇರೆ ಕುಟುಂಬವಾಗಿ ಮಾಡಿ, ಬೇರೊಂದು ಬಳಗದಲ್ಲಿ ಇರಿಸಿದ್ದಾರೆ. ನೆಂಟನು ಬೀದಿಯಲ್ಲಿದ್ದನು, ಅಪರಿಚಿತನು ನಡುಮನೆಯಲ್ಲಿದ್ದನು!

ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಶಿಲ್ಡರ್ ದಂಪತಿಗಳು ಕವಡೆಗಳ ಅಧ್ಯಯನದಲ್ಲಿ ದೀರ್ಘಕಾಲ ದುಡಿದರು. 2003 ಮತ್ತು 2004ರಲ್ಲಿ ಕ್ರಿಸ್ಟೋಫರ್ ಮೇಯರ್ ಎಂಬ ವಿಜ್ಞಾನಿಯು ಕವಡೆಗಳ ಡಿ.ಎನ್.ಎ.ಯನ್ನು ಹೋಲಿಸಿ ಅವುಗಳ ವಂಶವೃಕ್ಷವನ್ನು ಪ್ರಕಟಿಸಿದನು. ಲಿನೇಯಸನ ಒಂದು ಜಾತಿಯು ಇಂದು ಹತ್ತಾರು ಜಾತಿಗಳಾಗಿ ಒಡೆದಿದೆ. ಸಿಪ್ರಿಯ ಎಂಬ ಮೂಲದ ಹೆಸರು ಹುಲಿ ಕವಡೆಗೂ ಅದರ ಹತ್ತಿರದ ಸಂಬಂಧಿಗೂ ಮಾತ್ರ ಉಳಿದಿದೆ.

ನಮ್ಮೂರಿನವರಿಗೆ ಇದಕ್ಕಿಂತಲೂ ಸೋಜಿಗವೆನಿಸುವ ಮಾತೊಂದಿದೆ. ನಮ್ಮ ಕೆರೆಯಲ್ಲಿ ದುಂಡನೆಯ ಬಸವನಹುಳು ಇದೆ. ಮುಟ್ಟಿದರೆ ಒಳಕ್ಕೆ ಸರಿದು ಬಾಯಿಗೆ ಗಟ್ಟಿಯಾದ ಮುಚ್ಚಳವನ್ನು ಹಾಕಿಕೊಳ್ಳುತ್ತದೆ. ಮಳೆಗಾಲದಲ್ಲಿ ತೋಟದ ಗಿಡಗಳನ್ನು ತಿನ್ನುವ ಇನ್ನೊಂದು ಬಸವನಹುಳು ಇದೆ, ಅದಕ್ಕೆ ಮುಚ್ಚಳವಿಲ್ಲ. ಎರಡಕ್ಕೂ ನಾವು ಒಂದೇ ಹೆಸರನ್ನು ಹೇಳುತ್ತೇವೆ. ಆದರೆ ಕೆರೆಯ ಹುಳುವಿಗೆ ತೋಟದ ಹುಳುವಿಗಿಂತ ಕಡಲಿನ ಕವಡೆಯೇ ಹತ್ತಿರದ ಸಂಬಂಧಿ! ಕೆರೆಯ ಹುಳು, ಕವಡೆ, ದೇವರ ಮನೆಯ ಶಂಖ ಇವು ಮೂರೂ ಉದರಪಾದಿಗಳ ಒಂದೇ ಉಪವರ್ಗಕ್ಕೆ ಸೇರಿದವು. ತೋಟದ ಹುಳುವಿನ ಉಪವರ್ಗವೇ ಬೇರೆ. ಕಡಲನ್ನು ಕಾಣದ ಹಾರನಹಳ್ಳಿಯ ಕೆರೆಗೂ ಕಡಲಿನ ನೆಂಟಸ್ತನ ತಪ್ಪಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಹುಳುಗಳ ಜಾತಿ ಕಟ್ಟಿಕೊಂಡು ಏನಾಗಬೇಕು ಎಂದು ಗೆಳೆಯರು ಹಾಸ್ಯ ಮಾಡಬಹುದು. ಭಾಸ್ಕರಾಚಾರ್ಯರ 1150ರ ‘ಲೀಲಾವತಿ’ಯಲ್ಲಿ ಹಣದ ಲೆಕ್ಕವು ಕವಡೆಯಿಂದಲೇ ಆರಂಭವಾಗುತ್ತದೆ. ಇಪ್ಪತ್ತು ವರಾಟಕಗಳು, ಎಂದರೆ ಕವಡೆಗಳು, ಒಂದು ಕಾಕಿಣಿ; ನಾಲ್ಕು ಕಾಕಿಣಿ ಒಂದು ಪಣ; ಹದಿನಾರು ಪಣ ಒಂದು ದ್ರಮ್ಮ. ಹಾಗಾದರೆ ದ್ರಮ್ಮವೊಂದಕ್ಕೆ 1,280 ಕವಡೆಗಳಾದುವು. ಈ ಹಣದ ಟಂಕಸಾಲೆ ಯಾವ ರಾಜನದೂ ಅಲ್ಲ. ಅದು ಮಾಲ್ಡೀವ್ ದ್ವೀಪಗಳ ಕಡಲು. ಅಲ್ಲಿಂದ ಕವಡೆಗಳು ಬಂಗಾಳಕ್ಕೆ ಹೋಗುತ್ತಿದ್ದುದನ್ನೂ ಬದಲಿಗೆ ಅಕ್ಕಿ ಬರುತ್ತಿದ್ದುದನ್ನೂ ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಒರಿಸ್ಸದಲ್ಲಿ ಇಂಗ್ಲಿಷರು ಕವಡೆಯ ಚಲಾವಣೆಯನ್ನು ನಿಲ್ಲಿಸಿ ಬೆಳ್ಳಿಯಲ್ಲಿ ಕಂದಾಯ ಕೇಳಿದ್ದು 1817ರ ಪಾಯಿಕರ ದಂಗೆಗೆ ಒಂದು ಕಾರಣವಾಯಿತು.

ಪ್ರಭೇದದ ಜ್ಞಾನವು ಇಲ್ಲಿ ಇತಿಹಾಸಕ್ಕೆ ನೆರವಾಗುತ್ತದೆ. ಮಾಲ್ಡೀವಿನಿಂದ ಹಣವಾಗಿ ಹೊರಟದ್ದು ಮುಖ್ಯವಾಗಿ ಮೊನೆಟ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ವರ್ತಕರು ಜಾಂಜಿಬಾರಿನ ಕಡೆಯಿಂದ ಅಗ್ಗದ ಉಂಗುರದ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ಹಡಗುಗಟ್ಟಲೆ ಸುರಿದರು. ಕವಡೆಯ ಬೆಲೆ ಕುಸಿಯಿತು. ಅದನ್ನೇ ಕೂಡಿಟ್ಟಿದ್ದ ಬಡವರ ಗಳಿಕೆ ಕೈಯಲ್ಲಿದ್ದಂತೆಯೇ ಕರಗಿಹೋಯಿತು. ಅಜ್ಜಿಯ ಕೈ ಗುರುತಿಸಿದ ಭೇದವೂ ಮೊನೆಟಕ್ಕೂ ಉಂಗುರದ ಕವಡೆಗೂ ಇರುವ ಇದೇ ಭೇದ.

ಒಟ್ಟಿನಲ್ಲಿ ಕವಡೆಯ ಶಾಸ್ತ್ರವು ನಮಗೆ ಕಲಿಸುವ ಪಾಠವೊಂದಿದೆ. ಚಿಪ್ಪು ಸುಂದರ, ಆದರೆ ಅದು ಬಳಗವನ್ನು ಹೇಳದು. ಬಳಗವನ್ನು ತಿಳಿಯಲು ಜೀವವನ್ನು ನೋಡಬೇಕು. ಲಿನೇಯಸನಂತಹ ಪಂಡಿತನೂ ಹೋಲಿಕೆಯಿಂದ ಮೋಸಹೋದನು. ಆತನ ತಪ್ಪನ್ನು ತಿದ್ದಿದವರು ಆತನಿಗಿಂತ ಜಾಣರೆಂದಲ್ಲ. ಅವರು ಚಿಪ್ಪಿನ ಒಳಗಿದ್ದುದನ್ನು ನೋಡಿದರು, ಅಷ್ಟೆ. ನಾನಾದರೂ ಅಜ್ಜಿಯ ಮಾತನ್ನು ಸೋತವರ ನೆಪವೆಂದು ತಿಳಿದು ವರ್ಷಗಟ್ಟಲೆ ನಗುತ್ತ ಕಳೆದೆನಲ್ಲವೆ?

ವಾಚಕರ ಮನೆಯಲ್ಲಿಯೂ ಅಟ್ಟದ ಮೇಲೋ ಪೆಟ್ಟಿಗೆಯೊಳಗೋ ನಾಲ್ಕಾರು ಕವಡೆಗಳಿರಬಹುದು. ಮುಂದಿನ ರಜೆಯಲ್ಲಿ ಅವನ್ನು ತೆಗೆದು ಬೆಳಕಿನಲ್ಲಿ ನೋಡಿರಿ. ಗುಬುಟುಗಳಿವೆಯೆ, ಉಂಗುರವಿದೆಯೆ, ಹಲ್ಲುಗಳು ಎರಡು ಅಂಚಿನಲ್ಲಿಯೂ ಇವೆಯೆ ಎಂದು ಪರೀಕ್ಷಿಸಿರಿ. ಆದರೆ ಅದಕ್ಕೂ ಮೊದಲು, ಅವುಗಳಿಂದ ಬಹುಕಾಲ ಆಡಿದ ಹಿರಿಯರನ್ನು ಒಂದು ಮಾತು ಕೇಳಿರಿ.