ಬದುಕಿದವರನ್ನೂ ಲೆಕ್ಕಿಸಬೇಕು

ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯವನ್ನು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವರು ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ಭಾವಿಸಬಾರದೆಂದು ಕರ್ತನು ಅಲ್ಲಿ ಬೋಧಿಸಿದನು. ಆದರೂ ಊರಿಗೆ ಜಾಡ್ಯ ಬಂದಾಗ, ಇದು ಇಂಥವರ ಪಾಪದ ಫಲವೆಂದು ಬೆರಳು ತೋರಿಸುವ ಅಭ್ಯಾಸವು ನಮ್ಮಲ್ಲಿಯೂ ಉಂಟು. ಅಷ್ಟರಲ್ಲಿ ನಿಜವಾದ ಕಾರಣವು ಇನ್ನೂ ಹಲವರನ್ನು ಕೊಲ್ಲುತ್ತದೆ. ಕಾರಣವನ್ನು ಹುಡುಕುವ ರೀತಿಯನ್ನು ಒಬ್ಬ ಸಭಾಸೇವಕರಿಂದ ಕಲಿಯೋಣ.

1854ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯಲ್ಲಿ ಲಂಡನ್ ಪಟ್ಟಣದ ಸೋಹೋ ಎಂಬ ಭಾಗದಲ್ಲಿ ಕಾಲರಾ ಹುಟ್ಟಿ, ಕೆಲವೇ ವಾರಗಳಲ್ಲಿ 600ಕ್ಕಿಂತ ಹೆಚ್ಚು ಜನರು ಸತ್ತರು. ಕೆಟ್ಟ ಗಾಳಿಯೇ ಕಾರಣವೆಂದು ಆಗಿನ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಾದರೋ ಸತ್ತವರ ಮನೆಗಳನ್ನು ವಿಚಾರಿಸಿ, ಅವು ಬ್ರಾಡ್ ಬೀದಿಯ ಒಂದು ಪಂಪಿನ ಸುತ್ತಲೇ ಇರುವದನ್ನು ಕಂಡು ಅಧಿಕಾರಿಗಳಿಗೆ ತಿಳಿಸಿದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆದುಹಾಕಿದರು.

ಅಲ್ಲಿಯ ಸಹಾಯಕ ಪಾದ್ರಿಗಳಾದ ಹೆನ್ರಿ ವೈಟ್‌ಹೆಡ್‌ರವರು ಸ್ನೋರವರ ಮಾತನ್ನು ನಂಬಲಿಲ್ಲ. ಅದು ತಪ್ಪೆಂದು ತೋರಿಸುವ ಉದ್ದೇಶದಿಂದಲೇ ಅವರು ಮನೆಮನೆಗೆ ಹೋಗಿ, ರೋಗಿಗಳ ವಿಷಯವಾಗಿಯೂ ಸೌಖ್ಯವಾಗಿದ್ದವರ ವಿಷಯವಾಗಿಯೂ, ಆ ನೀರನ್ನು ಕುಡಿದರೋ ಇಲ್ಲವೋ ಎಂದು ಕೇಳಿ ಬರೆದುಕೊಂಡರು. ಬ್ರಾಡ್ ಬೀದಿಯ ಲೆಕ್ಕವು ಹೀಗಾಯಿತು: ಕುಡಿದವರು 137, ಅವರಲ್ಲಿ ರೋಗ ತಗಲಿದವರು 80, ಕುಡಿಯದವರು 297, ಅವರಲ್ಲಿ ರೋಗ ತಗಲಿದವರು 20. ಅಂದರೆ ಕುಡಿದವರಲ್ಲಿ ನೂರಕ್ಕೆ ಸುಮಾರು 58, ಕುಡಿಯದವರಲ್ಲಿ ಸುಮಾರು 7. ಬೀದಿಯ ಗಾಳಿಯು ಎಲ್ಲರಿಗೂ ಒಂದೇ ಆಗಿತ್ತು. ಲೆಕ್ಕವನ್ನು ಕಂಡು ಪಾದ್ರಿಗಳು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಟ್ಟರು. ಬಳಿಕ ಮರಣಗಳ ದಾಖಲೆಯಲ್ಲಿ ಪಂಪಿನ ಹತ್ತಿರದ ಮನೆಯ ಒಂದು ಕೂಸು ಭೇದಿಯಿಂದ ಸತ್ತದ್ದನ್ನು ಅವರೇ ಕಂಡುಹಿಡಿದರು. ಅದರ ಬಟ್ಟೆ ತೊಳೆದ ನೀರನ್ನು ಸುರಿದ ಮಲಗುಂಡಿಯನ್ನು ಅಗೆದು ನೋಡಿದಾಗ, ಗೋಡೆ ಶಿಥಿಲವಾಗಿ ಹೊಲಸು ಬಾವಿಯ ಕಡೆಗೆ ಜಿನುಗುತ್ತಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು: ಆ ನೀರನ್ನು ಕುಡಿದ 57 ಮಂದಿಗೆ ಏನೂ ಆಗಲಿಲ್ಲ. "ನಾನು ಕುಡಿದೆನು, ಬದುಕಿದ್ದೇನೆ" ಎಂದು ಅವರಲ್ಲಿ ಯಾರಾದರೂ ಹೇಳಿದರೆ ಆ ಮಾತು ಸತ್ಯವೇ. ಆದರೆ ಆ ಮಾತನ್ನು ನಂಬಿ ಕುಡಿದವನು ಸಾಯಬಹುದಾಗಿತ್ತು. ಒಬ್ಬನ ಅನುಭವವು ಊರಿನ ಲೆಕ್ಕವಾಗದು.

ಎರಡನೆಯದು: ಸತ್ಯವಾದ ಉತ್ತರಗಳಿಲ್ಲದೆ ಸತ್ಯವಾದ ಲೆಕ್ಕವಿಲ್ಲ. ನಾಚಿಕೆಯಿಂದ ಒಂದು ಮನೆಯವರು ರೋಗವನ್ನು ಮರೆಮಾಡಿದರೆ, ನೆರೆಯವನ ಕೂಸಿಗೆ ಅಪಾಯವಾದೀತು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ಇಲ್ಲಿಗೂ ಸಲ್ಲುತ್ತದೆ.

ಆದದರಿಂದ ಒಂದೇ ಕೇರಿಯಲ್ಲಿ ಹಲವರಿಗೆ ವಾಂತಿಭೇದಿ ಕಂಡರೆ, ಹಿರಿಯರು ತಡಮಾಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಯಾರು, ಯಾವ ದಿನ, ಯಾವ ನೀರು ಎಂಬದನ್ನು ಬರೆದಿಡಲಿ. ಎಲ್ಲರೂ ನೀರನ್ನು ಕುದಿಸಿ ಕುಡಿಯಲಿ. ರೋಗಿಗಾಗಿ ಪ್ರಾರ್ಥಿಸುವವನು ಅವನ ಬಾವಿಯನ್ನೂ ವಿಚಾರಿಸುವದು ಪ್ರೀತಿಯ ಕೆಲಸವೇ.

ಸಂಜೆಯ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ಸೌಖ್ಯವಾಗಿದ್ದವರನ್ನು ವೈಟ್‌ಹೆಡ್‌ರವರು ಕೇಳದೆ ಹೋಗಿದ್ದರೆ ಏನು ತಿಳಿಯುತ್ತಿರಲಿಲ್ಲ? ನಮ್ಮ ಕೇರಿಯ ಪ್ರತಿಯೊಂದು ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ?