ಹಂದಿ ಕಾಯುವ ಪೆಟ್ಟಿಗೆಗೆ ಯಾವ ಟ್ರಾನ್ಸ್‌ಫಾರ್ಮರ್?

ಕನಕಪುರ, ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿ ಕಾಟ ಶುರು. ಒಂದು ರಾತ್ರಿ ಕಾವಲು ತಪ್ಪಿದರೆ ವರ್ಷದ ಹಿಟ್ಟು ಹೋದ ಹಾಗೆ. ಅದಕ್ಕೇ ನಾಯಿ ಬೊಗಳುವ, ತಮಟೆ ಬಡಿಯುವ ಸದ್ದನ್ನು ಸ್ಪೀಕರಿನಲ್ಲಿ ಕೂಗಿಸುವ ಪೆಟ್ಟಿಗೆಯನ್ನು ಹೊಲದ ಮನೆಯಲ್ಲಿ ಕಟ್ಟಿಕೊಂಡಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಈ ಕೆಲಸಕ್ಕೆ ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಬಂದರೆ ಸಾಕು.

ಸದ್ದಿನ ಅಲೆ ಮೇಲಕ್ಕೂ ಕೆಳಕ್ಕೂ ಆಡುತ್ತೆ. ಆದ್ದರಿಂದ ಹಲವು ಆಂಪ್ಲಿಫೈಯರ್ ಬೋರ್ಡುಗಳು ನಡುವೆ ಸೊನ್ನೆ, ಒಂದು ಕಡೆ ಪ್ಲಸ್ 12, ಇನ್ನೊಂದು ಕಡೆ ಮೈನಸ್ 12 ವೋಲ್ಟ್ ಕೇಳುತ್ತವೆ. ಇದಕ್ಕೆ ಮೂರು ತಂತಿ ಹೊರಬರುವ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡಿನ ಬ್ರಿಡ್ಜ್, ಎರಡೂ ಕಡೆಗೆ ಒಂದೊಂದು 2200 ಮೈಕ್ರೊಫ್ಯಾರಡ್ ಕೆಪಾಸಿಟರ್, ಆಮೇಲೆ 7812 ಮತ್ತು 7912 ಎಂಬ ರೆಗ್ಯುಲೇಟರ್ ಬೇಕು.

ರೆಗ್ಯುಲೇಟರ್ ಕೆರೆಯ ತೂಬಿದ್ದಂತೆ. ಹೆಚ್ಚು ಬಂದದ್ದನ್ನು ತಡೆದು 12 ಬಿಡುತ್ತೆ, ಕಡಿಮೆ ಬಂದರೆ ತಾನು ಸೇರಿಸಲಾರದು. ಅದರ ಬಾಯಿಗೆ ಸದಾ ಹದಿನಾಲ್ಕೂವರೆ ವೋಲ್ಟಾದರೂ ಇರಬೇಕು. ಇಲ್ಲದಿದ್ದರೆ ಸ್ಪೀಕರಿನಲ್ಲಿ ‘ಗುಂಯ್’ ಅನ್ನೋ ಸದ್ದೇ ಹೆಚ್ಚು.

ಲೆಕ್ಕ ಹೀಗೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು 1.41ರಿಂದ ಗುಣಿಸಿ. ಡಯೋಡಿಗೆ 1 ಕಳೆಯಿರಿ. ನಮ್ಮ 50 ಸೈಕಲ್ ಕರೆಂಟಿನಲ್ಲಿ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತೆ. ಅರ್ಧ ಆಂಪಿಯರ್ ಎಳೆದರೆ ನಡುನಡುವೆ 2.3 ವೋಲ್ಟ್ ಇಳಿಯುತ್ತೆ, ಅದನ್ನೂ ಕಳೆಯಿರಿ.

12-0-12: ಮನೆಗೆ 230 ವೋಲ್ಟ್ ಪೂರ್ತಿ ಬಂದರೂ ಸಿಗೋದು 13.6. ಸಾಲದು.
15-0-15: 230ಕ್ಕೆ 17.9, ಪರವಾಗಿಲ್ಲ. 180ಕ್ಕೆ ಇಳಿದರೆ 13.2. ಸಾಲದು.
18-0-18: 180ಕ್ಕೆ ಇಳಿದರೂ 16.6. ಸಾಕು.

ಪುಸ್ತಕದಲ್ಲಿ 15-0-15 ಸಾಕು ಅಂತಿರಬಹುದು. ಅದು 230 ನಂಬಿ ಹಾಕಿದ ಲೆಕ್ಕ. ನಮ್ಮ ಮನೆಯಲ್ಲಿ ಮೀಟರ್ ಇಟ್ಟು ನೋಡಿದ್ದೇನೆ: ಪಂಪುಗಳು ಓಡುವಾಗ 180, ಎಲ್ಲ ನಿಂತ ಮೇಲೆ ನಡುರಾತ್ರಿ 250. ಪೆಟ್ಟಿಗೆ ಎರಡನ್ನೂ ತಡೆಯಬೇಕು.

ಹಾಗಂತ 24-0-24 ತರಬೇಡಿ. 250 ಬಂದ ಹೊತ್ತಿಗೆ ಅದು 36 ದಾಟುತ್ತೆ, ಈ ರೆಗ್ಯುಲೇಟರುಗಳ ಮಿತಿ 35. 18-0-18ರಲ್ಲಿ ಅದೇ ಹೊತ್ತಿಗೆ 27 ಚಿಲ್ಲರೆ, ಲೋಡು ಇಲ್ಲದಾಗ ಇನ್ನೂ ಸ್ವಲ್ಪ ಏರಿ 31ರ ಹತ್ತಿರ. ಆದ್ದರಿಂದ ಕೆಪಾಸಿಟರ್ 50 ವೋಲ್ಟಿನದೇ ಇರಲಿ.

ಆಂಪಿಯರ್ ಎಷ್ಟು? ಕೆಪಾಸಿಟರ್ ಕರೆಂಟನ್ನು ಸಮನಾಗಿ ಎಳೆಯಲ್ಲ, ಗುಟುಕು ಗುಟುಕಾಗಿ ಕುಡಿಯುತ್ತೆ. ಬೋರ್ಡಿಗೆ ಬೇಕಾದ್ದರ 1.8 ಪಟ್ಟು ಹಿಡಿಯಿರಿ. ಅರ್ಧ ಆಂಪಿಯರಿಗೆ 0.9 ಆಯ್ತು, ಅಂದರೆ 1 ಆಂಪಿಯರಿನದು ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘18-0-18, ಒಂದು ಆಂಪ್’ ಅಂದರೆ ತಿಳಿಯುತ್ತೆ.

ಹೆಚ್ಚಿನ ವೋಲ್ಟೆಲ್ಲ ಬಿಸಿಯಾಗಿ ಹೋಗಬೇಕು. 250 ಇದ್ದಾಗ ಒಂದೊಂದು ರೆಗ್ಯುಲೇಟರಿನಲ್ಲೂ ಸುಮಾರು 7 ವಾಟ್ ಬಿಸಿ. ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿಯಿರಿ. 7812ರ ಬೆನ್ನು ಸೊನ್ನೆಗೆ ಸೇರಿದ್ದು, 7912ರ ಬೆನ್ನಿನಲ್ಲಿ ಒಳಬರುವ ಮೈನಸ್ ಇರುತ್ತೆ. ಅದಕ್ಕೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಲೇಬೇಕು.

230 ಬರುವ ಕಡೆ ಅರ್ಧ ಆಂಪಿಯರಿನ ನಿಧಾನ ಫ್ಯೂಸ್ ಇಡಿ, ಪೆಟ್ಟಿಗೆಗೆ ಅರ್ಥಿಂಗ್ ಕೊಡಿ. ಹೊಲಕ್ಕೆ ಹೋಗಬೇಕಾದ್ದು ಸ್ಪೀಕರ್ ತಂತಿ ಮಾತ್ರ. ಮನೆ ಕರೆಂಟನ್ನು ಬೇಲಿಗೆ ಬಿಡುವುದು ಕಾನೂನಿಗೆ ವಿರುದ್ಧ. ಹಂದಿಗೆ ಅಂತ ಬಿಟ್ಟದ್ದು ನೀರು ಕಟ್ಟಲು ಬಂದ ಮನೆಯವರನ್ನೇ ತೆಗೆಯುತ್ತೆ. ಆನೆ ಬಂದರೆ ಪೆಟ್ಟಿಗೆ ನೆಚ್ಚಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಹಂದಿ ಒಂದೇ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತೆ. ವಾರಕ್ಕೊಮ್ಮೆ ಸದ್ದು ಬದಲಿಸಿ, ಸ್ಪೀಕರಿನ ಜಾಗವನ್ನೂ ಬದಲಿಸಿ. ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮೊದಲು ಮೂರು ರಾತ್ರಿ ನಿಮ್ಮ ಮನೆಯ ವೋಲ್ಟ್ ಬರೆದಿಡಿ. ಅತಿ ಕಡಿಮೆ, ಅತಿ ಹೆಚ್ಚು, ಈ ಎರಡು ಅಂಕಿ ಕೈಯಲ್ಲಿದ್ದರೆ ಮಿಕ್ಕ ಲೆಕ್ಕ ಮೇಲಿನದೇ.